ತೂಕ ಎಷ್ಟು ಮೇಡಂ?

ಸಾದಾ ಲೇಡೀಸ್ ಸೈಕಲ್‌ಗೆ ಎರಡು ಸಾವಿರದ ಇನ್ನೂರು. ಮುಂದೆ ಮಾತ್ರ ಶಾಕರ್ ಇರುವ ಗೇರ್ ಸೈಕಲ್‌ಗೆ ನಾಲ್ಕೂವರೆ ಸಾವಿರ. ಹಿಂದೆ ಮುಂದೆ ಎರಡೂ ಕಡೆ ಶಾಕರ್ ಇರುವ, ಗೋಕುಲಂಗೆ ಯೋಗ ಕಲಿಯಲು ಬಂದ ವಿದೇಶಿ ಹೆಂಗಸೊಬ್ಬಳು ಊರಿಗೆ ಹೋಗುವಾಗ ಮಾರಿಹೋದ ಸೆಕೆಂಡ್ ಹ್ಯಾಂಡ್ ಸೈಕಲ್‌ಗೆ... ಹನ್ನೊಂದು ಸಾವಿರ!

2005ರಲ್ಲಿ ಆ ದುಡ್ಡಿಗೆ ಒಂದು ಜೊತೆ ತೆಳ್ಳನೆಯ ಚಿನ್ನದ ಬಳೆ ಬರುತ್ತಿತ್ತು. "ಬಳೆ ಮಾಡಿಸ್ಕೊ ಕಣಮ್ಮ, ಕಷ್ಟಕಾಲಕ್ಕಾದ್ರೂ ಆಗುತ್ತೆ. ಸೈಕಲ್ ಅಡ ಇಡೋಕಾಗುತ್ತಾ?" ಎಂದು ಮನೆ ಓನರ್ ಸೋಮಮ್ಮ ಬುದ್ಧಿ ಹೇಳಿದ್ದರು.

ಆದರೂ ಪ್ರೇಮಲೀಲಾ ನಜರ್‌ಬಾದ್‌ನ ಆ ಅಂಗಡಿಯಲ್ಲಿ ಹನ್ನೊಂದು ಸಾವಿರದ ಸೈಕಲ್ ಮುಂದೆಯೇ ನಿಂತಿದ್ದಳು.

ಬೇರೆ ಎರಡು ಅಂಗಡಿಯವರು ಅವಳನ್ನು ನೋಡಿದ ಕೂಡಲೇ ಬುಟ್ಟಿ ಇರುವ ಸೈಕಲ್ ತೋರಿಸಿದ್ದರು. ತರಕಾರಿ ತರೋಕೆ ಅನುಕೂಲವಂತೆ! ಈ ಅಂಗಡಿಯ ಮೃತ್ಯುಂಜಯ ಮಾತ್ರ ಕೇಳಿದ್ದು ಬೇರೆ.

"ಎಲ್ಲಿ ಓಡಿಸ್ತೀರಾ?"

"ಚಾಮುಂಡಿ ಬೆಟ್ಟದ ಹಿಂದುಗಡೆ... ಕಲ್ಲುದಾರೀಲಿ."

"ಯಾರ ಜೊತೆ?"

"ಒಬ್ಬಳೇ."

ಆ ಪದ ಹೇಳಿ ಅವಳಿಗೆ ಅಭ್ಯಾಸವಾಗಿತ್ತು. ಸಿನಿಮಾಗೆ ಒಬ್ಬಳೇ. ಆಸ್ಪತ್ರೆಗೆ ಒಬ್ಬಳೇ. ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ವಾರವಿಡೀ ಲೆಕ್ಕ ಬರೆದು, ಭಾನುವಾರ ಚಾಮರಾಜಪುರಂನ ಬಾಡಿಗೆ ಮನೆಯಲ್ಲಿ ಒಂದು ಲೋಟ ಅಕ್ಕಿ ಬೇಯಿಸಿದರೆ ಎರಡು ಹೊತ್ತಿಗೂ ಮಿಗುತ್ತಿತ್ತು. ವಯಸ್ಸು ಮೂವತ್ಮೂರು.

ಒಂದು ಭಾನುವಾರ ಬೆಟ್ಟದ ಕಲ್ಲುದಾರಿಯಲ್ಲಿ ಯಾರೋ ಹೆಂಗಸು ಇಂಥದೇ ಸೈಕಲ್‌ನಲ್ಲಿ ಇಳಿದುಹೋದದ್ದನ್ನು ನೋಡಿದ್ದಳು. ಆ ಹೆಂಗಸೂ ಒಬ್ಬಳೇ ಇದ್ದಳು... ಆದರೆ ನಗುತ್ತಿದ್ದಳು!

"ಒಂದು ಶಾಕರ್‌ದು ಹಗುರ, ರಿಪೇರಿನೂ ಕಮ್ಮಿ," ಎಂದ ಮೃತ್ಯುಂಜಯ. "ಟಾರು ರೋಡಿಗೆ ಅದೇ ಸಾಕು, ಸುಮ್ನೆ ದುಡ್ಡು ಹಾಕ್ಬೇಡಿ. ಆದ್ರೆ ಕಲ್ಲುದಾರಿ ಅಂದ್ರೆ ಇದೇ ಸರಿ. ಸೊಂಟಕ್ಕೆ ಬೀಳೋ ಏಟನ್ನ ಇದು ತಿನ್ನುತ್ತೆ. ಹತ್ತಿ ನೋಡಿ."

ಹತ್ತಿದಳು. ಎರಡೂ ಕಾಲು ನೆಲಕ್ಕೆ ಸರಿಯಾಗಿ ತಾಗಿದವು. ಕೈ ಹ್ಯಾಂಡಲ್‌ಗೆ ಸಲೀಸಾಗಿ ಎಟುಕಿತು. ಅವಳಿಗೆ ತಿಳಿಯದೆಯೇ ತುಟಿಯ ಮೇಲೆ ನಗು ಬಂತು.

ಅವನು ಕೈಯಲ್ಲಿ ಸಣ್ಣ ಪಂಪ್ ಹಿಡಿದು, ತಲೆ ಎತ್ತದೆ ಕೇಳಿದ.

"ತೂಕ ಎಷ್ಟು ಮೇಡಂ?"

ನಗು ಆರಿಹೋಯಿತು.

ಆ ಪ್ರಶ್ನೆ! ಏಳು ಸಲ ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು ಕೇಳಿದ್ದರು. ಕೆಲವರು ಬಾಯಿಬಿಟ್ಟು, ಕೆಲವರು ಕಣ್ಣಲ್ಲಿ. 'ಹುಡುಗಿ ಲಕ್ಷಣವಾಗಿದ್ದಾಳೆ, ಮೈ ಸ್ವಲ್ಪ ಜಾಸ್ತಿ' ಎಂದು ಹೇಳಿಕಳಿಸಿದ್ದರು. ಆಗೆಲ್ಲ ಅಮ್ಮ ಕಲಿಸಿದ್ದ ಉತ್ತರವೇ ಈಗಲೂ ಬಾಯಿಗೆ ಬಂತು.

"ಐವತ್ನಾಲ್ಕು."

ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಸುಳ್ಳು ಮಾತ್ರ ಹಾಗೇ ಉಳಿದಿತ್ತು.

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಏನೋ ಹೇಳಲು ಹೊರಟು ಸುಮ್ಮನಾದ. ಹಿಂದಿನ ಶಾಕರ್‌ಗೆ ಗಾಳಿ ತುಂಬಿ, "ಆಯ್ತು," ಎಂದ.

*

ಸೈಕಲ್ ಕೊಂಡ ಮೇಲಿನ ಭಾನುವಾರಗಳು ಸ್ವಲ್ಪ ಬೇರೆಯಾದವು.

ಬೆಟ್ಟದ ಸುತ್ತಿನ ಮಣ್ಣುದಾರಿಯಲ್ಲಿ ಓಡಿಸಿ, ಬರುವಾಗ ನಜರ್‌ಬಾದ್ ಮೇಲೇ ಬರುತ್ತಿದ್ದಳು. ಅದು ಸುತ್ತು ದಾರಿ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಚೈನಿಗೆ ಎಣ್ಣೆ ಬಿಡುತ್ತಿದ್ದ, ಪಕ್ಕದ ಅಂಗಡಿಯಿಂದ ಟೀ ತರಿಸುತ್ತಿದ್ದ.

"ಮನೇಲಿ ಕಾಯ್ತಾ ಇರಲ್ವಾ?" ಎಂದು ಒಮ್ಮೆ ಅವಳೇ ಕೇಳಿದಳು.

"ಕಾಯೋರು ಹೋಗಿ ಆರು ವರ್ಷ ಆಯ್ತು ಕಣ್ರೀ. ಕಾಮಾಲೆ." ಲೋಟ ಕೆಳಗಿಟ್ಟ. "ಅದಕ್ಕೇ ಭಾನುವಾರಾನೂ ಬಾಗಿಲು ತೆಗೀತೀನಿ."

ಅವತ್ತು ಮನೆಗೆ ಹೋದ ಮೇಲೂ ಆ ಮಾತು ಅವಳನ್ನು ಬಿಡಲಿಲ್ಲ. ಊರಿನ ಎರಡು ಮೂಲೆಯಲ್ಲಿ ಇಬ್ಬರು ಒಂದೊಂದು ಲೋಟ ಅಕ್ಕಿ ಬೇಯಿಸುತ್ತಿದ್ದಾರೆ... ಎಂಥ ದಂಡ!

ಮುಂದಿನ ವಾರ ಧೈರ್ಯ ಮಾಡಿ ಬೆಟ್ಟದ ಹಿಂದಿನ ಕಲ್ಲುದಾರಿಗೆ ಇಳಿದಳು. ಮೊದಲ ಇಳಿಜಾರು ದಾಟಿತು. ಎರಡನೆಯದರಲ್ಲಿ ದೊಡ್ಡ ಕಲ್ಲಿಗೆ ಚಕ್ರ ಬಡಿಯುತ್ತಲೇ ಹಿಂದಿನ ಶಾಕರ್ 'ಟಣ್' ಎಂದು ಪೂರ್ತಿ ಕುಸಿದು, ಸೀಟು ಅವಳನ್ನು ಎತ್ತಿ ಎಸೆಯಿತು.

ಮಂಡಿ ತರಚಿತು. ಮಣಿಕಟ್ಟು ಊದಿತು. ಸುತ್ತ ಯಾರೂ ಇರಲಿಲ್ಲ. ಒಬ್ಬಳೇ ಎದ್ದು, ಸೈಕಲ್ ತಳ್ಳಿಕೊಂಡು, ಒಬ್ಬಳೇ ಆಸ್ಪತ್ರೆಗೆ ಹೋದಳು.

ಮಾರನೇ ಸಂಜೆ ಕೈಗೆ ಪಟ್ಟಿ ಕಟ್ಟಿಕೊಂಡು, ಆಟೋದಲ್ಲಿ ಸೈಕಲ್ ಹೇರಿಕೊಂಡು ಅಂಗಡಿಗೆ ಬಂದಳು. ಗಿರಾಕಿಗಳು ಇದ್ದರು. ಅವಳು ಲೆಕ್ಕಿಸಲಿಲ್ಲ.

"ಕೆಟ್ಟೋಗಿರೋ ಮಾಲನ್ನ ನನ್ನ ತಲೆಗೆ ಕಟ್ಟಿದ್ರಾ? ಒಂಟಿ ಹೆಂಗಸು, ಕೇಳೋರಿಲ್ಲ ಅಂತಾನಾ? ಮೋಸಗಾರರು ನೀವು!"

ಮೃತ್ಯುಂಜಯ ಕುಸಿದ ಶಾಕರ್ ನೋಡಿದ. ಅವಳ ಕೈಯ ಪಟ್ಟಿ ನೋಡಿ ಅವನ ಮುಖದ ಬಣ್ಣ ಕೆಟ್ಟಿತು. ಗಿರಾಕಿಗಳ ಕಡೆ ನೋಡಿದ. ತಲೆ ತಗ್ಗಿಸಿದ.

"ತಪ್ಪಾಯ್ತು ಮೇಡಂ. ಸೈಕಲ್ ಬಿಟ್ಟೋಗಿ, ದುಡ್ಡು ವಾಪಸ್ ಕೊಡ್ತೀನಿ."

ಅಷ್ಟೇ! ಒಂದು ಸಮಜಾಯಿಷಿಯೂ ಇಲ್ಲ! 'ಹಾಗಾದರೆ ನಿಜಕ್ಕೂ ಮೋಸವೇ...' ದುಡ್ಡನ್ನೂ ಕೇಳದೆ ಹೊರಬಂದು ಆಟೋಗೆ ಕಾಯುತ್ತಾ ನಿಂತಳು.

ಬೆನ್ನ ಹಿಂದೆ ಅವನ ದನಿ ಕೇಳಿಸಿತು. ಸೋತ ದನಿ.

"ತೂಕ ಎಷ್ಟು ಸಾರ್?"

"ತೊಂಬತ್ತೊಂದು ಕಣಪ್ಪ! ನಮ್ಮನೆಯೋಳ ಮುದ್ದೆ ಪ್ರಭಾವ! ಅದ್ಯಾಕೆ, ಸೈಕಲ್‌ಗೂ ಹೆಣ್ಣು ನೋಡ್ತಿದ್ಯಾ?"

"ತೂಕ ನೋಡೇ ಹಿಂದಿನ ಶಾಕರ್‌ಗೆ ಗಾಳಿ ತುಂಬೋದು ಸಾರ್. ಗಾಳಿ ಕಮ್ಮಿಯಾದ್ರೆ ಏಟಿಗೆ ಕುಸಿದು... ಬೀಳಿಸ್ಬುಡುತ್ತೆ."

ಪ್ರೇಮಲೀಲಾ ನಿಂತಲ್ಲೇ ಕಲ್ಲಾದಳು.

ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಮತ್ತು ಅವನು... ಒಂದೇ ಮಾತಲ್ಲಿ ತನ್ನ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. 'ಮೇಡಂ, ನೀವು ತೂಕ ಸುಳ್ಳು ಹೇಳಿದ್ದೀರಿ' ಅಂದಿದ್ದರೆ ಸಾಕಿತ್ತು. ಅಷ್ಟು ಜನರ ಮುಂದೆ ಅದನ್ನು ಹೇಳಬಾರದೆಂದು ಮೋಸಗಾರ ಅನ್ನಿಸಿಕೊಂಡ!

ತಿರುಗಿ ಹೋಗಬೇಕಿತ್ತು. ಯಾವ ಮುಖ ಇಟ್ಟುಕೊಂಡು ಹೋಗುವುದು? ಬಂದ ಆಟೋ ಹತ್ತಿಬಿಟ್ಟಳು.

*

ಮೂರು ಭಾನುವಾರ ಅವಳು ಮನೆಯಲ್ಲೇ ಕೂತಳು. ಫ್ಯಾನಿನ ಸದ್ದು, ಪಕ್ಕದ ಮನೆಯ ಟಿವಿ ಸದ್ದು, ಚಾಮರಾಜಪುರಂ ಸ್ಟೇಷನ್ನಿಗೆ ಬಂದುಹೋಗುವ ರೈಲಿನ ಸದ್ದು. ಅವಳದೆಂಬ ಸದ್ದು ಒಂದೂ ಇರಲಿಲ್ಲ.

'ಸುಳ್ಳು ಹೇಳಿ ಏನು ಉಳಿಸಿಕೊಂಡೆ? ಆ ಏಳು ಮನೆಯವರೂ ಮತ್ತೆ ಬರಲಿಲ್ಲ. ಬಂದಿದ್ದ ಒಬ್ಬನೂ ಹೋದ...'

ನಾಲ್ಕನೆಯ ಭಾನುವಾರ ಎದ್ದು ಹೊರಟಳು.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಅವಳ ಸೈಕಲ್ ಮೂಲೆಯಲ್ಲಿತ್ತು, ಒರೆಸಿಟ್ಟ ಹಾಗೆ, ಬೆಲೆಯ ಚೀಟಿ ಇಲ್ಲದೆ.

"ಅರವತ್ತೆಂಟು," ಎಂದಳು ಬಾಗಿಲಲ್ಲೇ ನಿಂತು.

"ಏನು?"

"ನನ್ನ ತೂಕ. ಅರವತ್ತೆಂಟು." ಕಣ್ಣು ತುಂಬಿ ಬಂತು. "ಯಾರಿಗೂ ನಿಜ ಹೇಳಿಲ್ಲ. ನಿಮ್ಮನ್ನ ಏನೇನೋ ಅಂದ್ಬುಟ್ಟೆ... ತಪ್ಪು ನಂದು."

"ಅರ್ಧ ತಪ್ಪು ನಂದೂ ಇದೆ ಕಣ್ರೀ." ಅವನು ಕೈ ಒರೆಸಿಕೊಳ್ಳುತ್ತಾ ಎದ್ದ. "ಹತ್ತು ವರ್ಷದಿಂದ ಇದೇ ಕಸುಬು, ಅಂದಾಜು ಸಿಗಲ್ವಾ? ಸುಳ್ಳು ಅಂತ ಆವತ್ತೇ ಗೊತ್ತಾಯ್ತು. ಇನ್ನೊಂದು ಸಲ ಕೇಳಿದ್ರೆ ಎದ್ದು ಹೋಗ್ಬುಡ್ತೀರೇನೋ ಅಂತ ಹೆದರಿ ಸುಮ್ನಾದೆ."

"ಗಿರಾಕಿ ಹೋದ್ರೆ ಹೋಗ್ಲಿ ಅನ್ಬೇಕಿತ್ತು."

"ಗಿರಾಕಿ ಹೋಗ್ಲಿ ಅಂತಿದ್ದೆ..." ಅವನ ದನಿ ತಗ್ಗಿತು. "ನೀವು ಹೋಗೋದು ಬೇಡ ಅನ್ನಿಸ್ತು. ನನ್ನ ಆ ಹೆದರಿಕೆಯಿಂದ ನಿಮ್ಮ ಕೈ ಮುರೀತಿತ್ತು. ಅದಕ್ಕೇ ನೀವು ಬೈದಾಗ ಬಾಯಿ ಬರ್ಲಿಲ್ಲ."

ರಸ್ತೆಯಲ್ಲಿ ಬಸ್ಸೊಂದು ಹಾದುಹೋಯಿತು.

ಅವನು ಪಂಪ್ ಎತ್ತಿಕೊಂಡು, ಅರವತ್ತೆಂಟಕ್ಕೆ ಸರಿಯಾಗಿ ಹಿಂದಿನ ಶಾಕರ್‌ಗೆ ಗಾಳಿ ತುಂಬಿದ. "ಕೂತ್ಕೊಳ್ಳಿ, ನೋಡೋಣ."

ಅವಳು ಸೀಟಿನ ಮೇಲೆ ಕೂತಳು. ಅವನು ಹ್ಯಾಂಡಲ್ ಹಿಡಿದುಕೊಂಡ. ಸೈಕಲ್ ಸ್ವಲ್ಪವೇ ತಗ್ಗಿ, ಸರಿಯಾದ ಜಾಗದಲ್ಲಿ ನಿಂತಿತು.

"ಮುಂದೆ ಎಪ್ಪತ್ತಾದ್ರೆ?" ಎಂದಳು ಮೂಗೊರೆಸಿಕೊಂಡು.

"ಇನ್ನೊಂದ್ಸಲ ಪಂಪ್ ಹೊಡೀತೀನಿ."

"ಎಂಬತ್ತಾದ್ರೆ?"

"ಆಗ್ಲೂ ಹೊಡೀತೀನಿ. ನೀವು ನಿಜ ಹೇಳ್ತಾ ಇರಿ, ಸಾಕು." ಈ ಸಲ ತಲೆ ಎತ್ತಿ ಕೇಳಿದ. "ಸಾಯೋವರೆಗೂ ಕೇಳ್ತಾ ಇರ್ಲಾ... ಪ್ರೇಮಾ?"

ಮೇಡಂ ಅನ್ನಲಿಲ್ಲ ಅವನು!

"ಹೂಂ," ಎಂದಳು. "ಕೇಳಿ."

ಅವಳು ಕಳೆದುಕೊಂಡದ್ದು ಒಂದು ಜೊತೆ ಬಳೆ, ಮತ್ತು ಯಾರಿಗೂ ಬೇಕಿಲ್ಲದ ಒಂದು ಸುಳ್ಳಿಗೆ ಕೊಟ್ಟ ಅಷ್ಟೂ ವರ್ಷಗಳು. ಅವು ವಾಪಸ್ ಬರಲಿಲ್ಲ. ಸಿಕ್ಕಿದ್ದು ಒಬ್ಬ ಮನುಷ್ಯ. ಆ ಭಾನುವಾರ ಅವಳು ಎರಡು ಲೋಟ ಅಕ್ಕಿ ಹಾಕಿದಳು. ಮಿಗಲಿಲ್ಲ.