ಒಂಬತ್ತನೇ ಕಂಪ್ಯೂಟರಿನ ಹಳೇ ಪಟ್ಟಿ

ದಿನಾಂಕ ೧೧ ಮಾರ್ಚ್ ೨೦೦೨, ಸೋಮವಾರ. ಪುಣೆಯ ಇಂಜಿನಿಯರಿಂಗ್ ಕಾಲೇಜೊಂದರ ಪ್ರಿನ್ಸಿಪಾಲರು ಠಾಣೆಗೆ ದೂರು ತಂದರು. ಲ್ಯಾಬಿನಲ್ಲಿದ್ದ ಕೊನೆಯ ವರ್ಷದವರ ಪ್ರಾಜೆಕ್ಟುಗಳನ್ನೆಲ್ಲ ಯಾರೋ ಅಳಿಸಿ, 'ಈಗಾದರೂ ಲ್ಯಾಬ್ ಮುಚ್ಚಿ' ಎಂಬ ಸಂದೇಶ ಬಿಟ್ಟಿದ್ದರು. ಒಂಬತ್ತನೇ ಕಂಪ್ಯೂಟರಿನಲ್ಲಿ ನೋಡಿದರೆ ಬರೆದವರ ಹೆಸರು ನೀತಾ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಆಕೆ ಡಿಸೆಂಬರಿನಲ್ಲೇ ಕೆಲಸ ಬಿಟ್ಟು ಹಿಂಜವಾಡಿಯ ಕಂಪನಿ ಸೇರಿದ್ದಳು. ಎಫ್‌ಐಆರ್‌ನಲ್ಲಿ ಅವಳ ಹೆಸರೇ ಬಿತ್ತು. ಲ್ಯಾಬಿಗೆ ಬೀಗಮುದ್ರೆ ಬಿತ್ತು.

ಪಿಎಸ್‌ಐ ಈರಣ್ಣನ ತಲೆ ಚಿಟ್ಟು ಹಿಡಿಯಿತು. ಐಟಿ ಕಾಯ್ದೆ ಪ್ರಕಾರ ತನಿಖೆ ಎಸಿಪಿ ಸಾಹೇಬರದು. ಬಿಸಿಲಲ್ಲಿ ಅಲೆಯುವುದು ಮಾತ್ರ ಇವನದು. ಕದ್ದ ಮಾಲಿಲ್ಲ, ಒಡೆದ ಬಾಗಿಲಿಲ್ಲ. ಏನನ್ನು ಜಪ್ತಿ ಮಾಡುವುದು, ಹಣೆಬರಹ!

ವಿಚಾರಣೆಗೆಂದು ನೀತಾಳ ಮನೆಗೆ ಹೋದ. ಅವನು ಕನ್ನಡದವನೆಂದು ತಿಳಿದದ್ದೇ ಆಕೆಯ ಕಣ್ಣು ತುಂಬಿದವು.

"ನಾ ಅಲ್ರಿ ಸರ್. ಕೇಸ್ ಮುಗಿಯೋತನಕ ಬರಬ್ಯಾಡ ಅಂದಾರ ಕಂಪನ್ಯಾಗ."

"ಮತ್ತ ನಿಮ್ಮ ಹೆಸರ್ಯಾಕ ಬಂತು?"

"ಫೈಲಿನ ಮ್ಯಾಲ ಹೆಸರಿರಂಗಿಲ್ರಿ, ನಂಬರ್ ಇರತದ. ಅದು ಯಾರ ನಂಬರ್ ಅಂತ ಪ್ರತಿ ಕಂಪ್ಯೂಟರ್ ತನ್ನ ಪಟ್ಟಿ ನೋಡಿ ಹೇಳತದ. ಇನ್ನೂ ನನ್ನ ಹೆಸರು ತೋರಸ್ತದಂದ್ರ ಒಂಬತ್ತರಾಗ ಹಳೇ ಪಟ್ಟಿನೇ ಅದ. ನನ್ನ ನಂಬರ್ ಬ್ಯಾರೆಯವರಿಗೆ ಕೊಟ್ಟಿರಬೇಕು."

ಈರಣ್ಣನಿಗೆ ತಕ್ಷಣ ಪೇದೆ ಶಿವಪ್ಪ ನೆನಪಾದ. ವರ್ಗವಾಗಿ ಹೋದ ಪೇದೆಯೊಬ್ಬನ ಬಕ್ಕಲ್ ನಂಬರು, ಅಂದರೆ ಬಿಲ್ಲೆಯ ನಂಬರು, ಶಿವಪ್ಪನಿಗೆ ಬಂದಿತ್ತು. ಠಾಣೆಯ ನಂಬರು ಪುಸ್ತಕ ತಿದ್ದುವವರಿಲ್ಲದೆ, ಶಿವಪ್ಪನ ತಪ್ಪಿಗೆ ಆ ಹೋದವನಿಗೆ ಮೆಮೊ ಹೋಗಿತ್ತು. ಥೂ, ಎಲ್ಲಾ ಕಡೆ ಇದೇ ಗೋಳು!

ಸಂಜೆ ಪಂಚರ ಎದುರು ಬೀಗಮುದ್ರೆ ತೆಗೆಸಿದ. ನೀತಾಳ ಜಾಗಕ್ಕೆ ಬಂದಿದ್ದ ಸೊಲ್ಲಾಪುರದ ಹರಿಶ್ಚಂದ್ರನನ್ನು ಒಂಬತ್ತನೇ ಕಂಪ್ಯೂಟರಿನ ಮುಂದೆ ಕೂರಿಸಿದ.

"ಇದರಾಗ ಪಟ್ಟಿ ಯಾಕ ಬದಲಿಸಿಲ್ಲ?"

"ನಲವತ್ತು ಅದಾವ್ರಿ. ಒಂದೊಂದಕ್ಕೂ ಕುಂತು ಹಾಕಬೇಕು. ಇದು ಉಳೀತು."

"ಈಗ ಹಾಕ್ರಿ."

ಹರಿಶ್ಚಂದ್ರ ಕೀಲಿಮಣೆ ಎಳೆದುಕೊಂಡ. ಹೊಸ ಪಟ್ಟಿ ಹಾಕಿದ.

"ಆ ಸಂದೇಶ ಯಾರದು, ತೋರಸ್ರಿ."

ಪರದೆಯ ಮೇಲೆ ನೀತಾ ಇದ್ದಲ್ಲಿ ಹರಿಶ್ಚಂದ್ರ ಎಂದು ಬಂತು. ಪಂಚನಾಮೆ ಬರೆದದ್ದಾಯಿತು, ಪಂಚರು ಸಹಿ ಹಾಕಿದರು.

"ಆಕಿ ಹೆಸರು ಬಂದಾಗ ಬಾಯಿ ಬಿದ್ದು ಹೋಗಿತ್ತೇನು ನಿಂದು?" ಈರಣ್ಣ ಗದರಿದ.

"ಪಟ್ಟಿ ತಿದ್ದಲಿಕ್ಕ ಒಂದು ದಿನ ಲ್ಯಾಬ್ ಮುಚ್ಚಿ ಕೊಡ್ರಿ ಅಂತ ಪ್ರಿನ್ಸಿಪಾಲರಿಗೆ ಕೈ ಮುಗದು ಕೇಳಿದೆ. ಕೊಡಲಿಲ್ಲ. ಹಳೇ ಪಟ್ಟಿ ಇದ್ದಲ್ಲಿ ಲಾಗಿನ್ ಆಗವಲ್ದು ಅಂತ ಹುಡುಗರು ನನಗ ಬೈಯೋದು. ನೀತಾ ಇದ್ದಾಗ ಹಿಂಗಿರಲಿಲ್ಲ ಅಂತ ಪ್ರಿನ್ಸಿಪಾಲರು ಅನ್ನೋದು. ದಿನಾ ಅದೇ ಹೆಸರ್ರಿ. ಅದಕ್ಕ ಸುಮ್ಮನಿದ್ದೆ."

ಬಂಧನ ದಾಖಲಾಯಿತು. ನೀತಾಳಿಗೆ ಈರಣ್ಣ ತಾನೇ ಫೋನ್ ಮಾಡಿ ಹೇಳಿದ. ಜೀಪು ಹತ್ತುವಾಗ ಹರಿಶ್ಚಂದ್ರ ತಿರುಗಿ ನೋಡಿದ. ಪೇದೆ ಲ್ಯಾಬಿನ ಬಾಗಿಲಿಗೆ ಮತ್ತೆ ಬೀಗಮುದ್ರೆ ಹಾಕುತ್ತಿದ್ದ.

"ಕಡೀಕ ಮುಚ್ಚಿದ್ರಲ್ರಿ," ಎಂದ.