ಪುಡಿಯಾಗಿದ್ದ ಫ್ರಿಜ್ಜು

2012ರ ಮಾರ್ಚ್ 14, ಬುಧವಾರ ಬೆಳಿಗ್ಗೆ ಸ್ಕಾರ್‌ಬರೋದ ಪೊಲೀಸ್ ಠಾಣೆಗೆ ಜಯಪ್ರಕಾಶ ಎಂಬುವರು ದೂರು ಕೊಡಲು ಬಂದರು. ಮೈಸೂರು ಕಡೆಯವರು, ನಿವೃತ್ತ ಇಂಜಿನಿಯರ್. ಹಿಂದಿನ ದಿನ ಮಧ್ಯಾಹ್ನ ಅವರ ಮನೆಯ ಬೇಸ್‌ಮೆಂಟು ಸುಟ್ಟಿತ್ತು. ಅಲ್ಲಿ ಬಾಡಿಗೆಗಿದ್ದ ಇಬ್ಬರು ಕಾಲೇಜು ಹುಡುಗಿಯರಲ್ಲಿ ಮೇಧಾ ಎಂಬಾಕೆ ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು, ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದಳು.

ಡಿಟೆಕ್ಟಿವ್ ರಾಧಿಕಾಳ ಹೆಸರು ಕೇಳಿದ್ದೇ ಜಯಪ್ರಕಾಶರು ಇಂಗ್ಲಿಷ್ ಬಿಟ್ಟು ಕನ್ನಡಕ್ಕಿಳಿದರು.

"ಇದು ಆಕ್ಸಿಡೆಂಟ್ ಅಲ್ಲಮ್ಮ. ಆ ಇನ್ನೊಬ್ಬಳು ನಿಶಿತಾ ಇದಾಳಲ್ಲ, ಅವಳೇ ಬೆಂಕಿ ಇಟ್ಟಿರೋದು."

"ಯಾಕೆ ಇಡಬೇಕು?"

"ಭಾನುವಾರ ಜಗಳ ಆಗಿತ್ತು. ಕರೆಂಟ್ ಬಿಲ್ಲು ಏರ್ತಾನೇ ಇದೆ, ಕದ್ದು ಹೀಟರ್ ಹಾಕ್ತಿದೀರ, ಖಾಲಿ ಮಾಡಿ ಅಂದೆ. ಬಾಗಿಲನ್ನ ಮುಖಕ್ಕೆ ಬಡಿದಳು."

ಊರಲ್ಲಾಗಿದ್ದರೆ ಎಫ್‌ಐಆರ್ ಎನ್ನುತ್ತಿದ್ದರು. ಇಲ್ಲಿ ಅದಕ್ಕೆ ಬೇರೆ ಹೆಸರು. ರಾಧಿಕಾ ದೂರು ದಾಖಲಿಸಿ, ಕಾನ್‌ಸ್ಟೇಬಲ್ ಟ್ರೆವರ್‌ನನ್ನು ಕರೆದುಕೊಂಡು ಹೊರಟಳು.

ಸುಟ್ಟ ಬೇಸ್‌ಮೆಂಟಿನಲ್ಲಿ ಮಹಜರು ನಡೆಯುವಾಗ ಅಗ್ನಿಶಾಮಕ ಇಲಾಖೆಯ ತನಿಖಾಧಿಕಾರಿ ಮೂಲೆಯ ಗೋಡೆಯನ್ನು ತೋರಿಸಿದ. ಬೆಂಕಿ ಹುಟ್ಟಿದ್ದು ಅಲ್ಲೇ, ಫ್ರಿಜ್ಜಿನ ಹಿಂದೆ. ಪೆಟ್ರೋಲಿಲ್ಲ, ಹೀಟರೂ ಇಲ್ಲ. ಫ್ರಿಜ್ಜಿನ ವೈರನ್ನು ಯಾರೋ ಒಮ್ಮೆ ಕತ್ತರಿಸಿ, ಮತ್ತೆ ಹೆಣೆದು, ಟೇಪು ಸುತ್ತಿದ್ದರು. ಆ ಗಂಟೇ ಕಾದು ಹೊತ್ತಿಕೊಂಡಿತ್ತು.

"ಈ ಫ್ರಿಜ್ಜು ಯಾರದು?" ರಾಧಿಕಾ ಕೇಳಿದಳು.

"ನಂದಲ್ಲ. ಕೆಳಗೆ ಫ್ರಿಜ್ಜೇ ಇರಲಿಲ್ಲ," ಎಂದರು ಜಯಪ್ರಕಾಶರು. "ಹಳೇದೊಂದಿತ್ತು, ನವೆಂಬರಲ್ಲೇ ಸರ್ಕಾರದ ಸ್ಕೀಮಿಗೆ ಕೊಟ್ಟೆ. ಅವರೇ ಬಂದು ಎತ್ಕೊಂಡು ಹೋಗಿ ಪುಡಿ ಮಾಡ್ತಾರೆ, ಕರೆಂಟ್ ಉಳಿಸೋ ಹೊಸದಕ್ಕೆ ರಿಯಾಯಿತಿ ಕೊಡ್ತಾರೆ. ಹೊಸದನ್ನ ನಾನು ಮೇಲಿಟ್ಕೊಂಡೆ. ಹುಡುಗೀರು ಅದರಲ್ಲೇ ಒಂದು ಶೆಲ್ಫು ಬಳಸ್ಕೊಳ್ಳಿ ಅಂದೆ."

ಟ್ರೆವರ್ ಮಸಿ ಒರೆಸಿ ಫ್ರಿಜ್ಜಿನ ಒಳಗಿದ್ದ ಲೋಹದ ಪಟ್ಟಿಯ ಸಂಖ್ಯೆಯನ್ನು ಓದಿದ. ಯೋಜನೆಯ ಕಚೇರಿಗೆ ಫೋನಾಯಿಸಿದರೆ ಬಂದ ಉತ್ತರ ವಿಚಿತ್ರವಾಗಿತ್ತು. ಅದು ಇದೇ ವಿಳಾಸದಿಂದ ಒಯ್ದ ಫ್ರಿಜ್ಜು, ರೆಕ್ಸ್‌ಡೇಲಿನ ಯಾರ್ಡಿನಲ್ಲಿ ನವೆಂಬರಿನಲ್ಲೇ ಪುಡಿಯಾಗಿದೆ.

ಈಗ ರಾಧಿಕಾಳ ಅನುಮಾನ ದೂರುದಾರರ ಮೇಲೆಯೇ ತಿರುಗಿತು. ರಿಯಾಯಿತಿಯನ್ನೂ ಪಡೆದು, ಹಳೆಯದನ್ನೂ ಉಳಿಸಿಕೊಂಡು, ಈಗ ತಪ್ಪನ್ನು ಹುಡುಗಿಯ ತಲೆಗೆ ಕಟ್ಟುತ್ತಿದ್ದಾರೆಯೆ?

"ನನ್ನ ಕಣ್ಣೆದುರೇ ವೈರ್ ಕತ್ತರಿಸಿದ್ರಮ್ಮ," ಎಂದರು ಜಯಪ್ರಕಾಶರು. "ಮತ್ತೆ ಯಾರೂ ಬಳಸಬಾರದು ಅನ್ನೋದೇ ರೂಲು. ಅದು ವಾಪಸ್ ಹೇಗೆ ಬಂತು?"

ನಿಶಿತಾ ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಫಿ ಅಂಗಡಿಯ ಸಮವಸ್ತ್ರದಲ್ಲೇ ಕೂತಿದ್ದಳು. ಬೆಂಕಿಯ ಸುದ್ದಿ ಬಂದಾಗ ಶಿಫ್ಟಲ್ಲಿದ್ದವಳು, ಮನೆಗೆ ಹೋಗಿರಲಿಲ್ಲ. ಹೋಗಲು ಮನೆಯೂ ಇರಲಿಲ್ಲ.

"ಫ್ರಿಜ್ಜು ಯಾರು ತಂದ್ರು?"

"ರೋಡ್ ಪಕ್ಕ ಬಿಸಾಕಿದ್ರು ಮ್ಯಾಮ್. ನಾವೇ ತಂದ್ವಿ."

"ಇಬ್ಬರೇ? ಅಷ್ಟು ಕಡಿದಾದ ಮೆಟ್ಟಿಲು ಇಳಿಸಿ?"

ನಿಶಿತಾ ನೆಲ ನೋಡಿದಳು. ಸುಳ್ಳು ಹೇಳಿ ರೂಢಿಯಿಲ್ಲದವಳು ಎಂದು ರಾಧಿಕಾಳಿಗೆ ಆಗಲೇ ಗೊತ್ತಾಯಿತು. ಆದರೆ ಯಾರನ್ನು ಕಾಪಾಡುತ್ತಿದ್ದಾಳೆ?

"ನಿನ್ನ ಮೇಲೆ ಬೆಂಕಿ ಇಟ್ಟ ಆರೋಪ ಇದೆ. ಅದು ಸಾಬೀತಾದರೆ ವೀಸಾ ಹೋಗುತ್ತೆ, ಓದೂ ಹೋಗುತ್ತೆ. ಬಾಯಿ ಬಿಡು."

ಹುಡುಗಿ ಅಳಲು ಶುರುಮಾಡಿದಳು. "ಅವ್ರು ತುಂಬಾ ಒಳ್ಳೆಯವ್ರು ಮ್ಯಾಮ್. ಹಳೇ ಫ್ರಿಜ್ಜು ಎತ್ಕೊಂಡು ಹೋಗೋಕೆ ಬಂದಾಗ ನಾವು ಕನ್ನಡ ಮಾತಾಡೋದು ಕೇಳಿಸ್ಕೊಂಡ್ರು. ಇನ್ನು ಹಾಲು ಎಲ್ಲಿಡೋದು ಅಂತ ಮೇಧಾ ಅಂದಿದ್ಲು, ಅಷ್ಟೇ. ಮುಂದಿನ ವಾರ ಓನರ್ ಅಂಕಲ್ ಊರಲ್ಲಿ ಇಲ್ದಾಗ ಅದನ್ನೇ ವಾಪಸ್ ತಂದಿಟ್ರು. ದುಡ್ಡು ಕೊಟ್ರೆ ಬೈದ್ರು. ಯಾರಿಗೂ ಹೇಳ್ಬೇಡಿ, ನನ್ನ ಕೆಲಸ ಹೋಗ್ತೈತಿ ಅಂದ್ರು."

"ಹೆಸರು?"

"ಚನ್ನಬಸಪ್ಪ ಕಾಕಾ."

ರೆಕ್ಸ್‌ಡೇಲಿನ ಯಾರ್ಡಿಗೆ ರಾಧಿಕಾ, ಟ್ರೆವರ್ ಇಬ್ಬರೂ ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು. ಫ್ರಿಜ್ಜು ಪುಡಿ ಮಾಡುವ ದೊಡ್ಡ ಯಂತ್ರ ನಿಂತಿತ್ತು. ಅದರ ಮುಂದೆ ಬಿಳಿ, ಕಂದು, ಹಸಿರು ಫ್ರಿಜ್ಜುಗಳು ಬಾಗಿಲಿಲ್ಲದೆ ಸಾಲಾಗಿದ್ದವು. ಚನ್ನಬಸಪ್ಪ ಅರವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಲಾರಿಯ ಹಿಂಬದಿಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ರಾಧಿಕಾ ಧಾರವಾಡದ ಮನೆಮಾತಿನಲ್ಲೇ ಕೇಳಿದಳು.

"ಜಯಪ್ರಕಾಶರ ಮನಿ ಫ್ರಿಜ್ ಏನಾತ್ರಿ?"

"ಪುಡಿ ಆತು. ನನ್ನ ಕಣ್ಮುಂದ." ತಡವರಿಸದ ಉತ್ತರ. ಆದರೆ ರೊಟ್ಟಿ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತ್ತು.

"ನಿನ್ನೆ ಅದರಿಂದ ಬೆಂಕಿ ಹತ್ತೇತಿ."

"ಹತ್ತಂಗಿಲ್ರೀ. ನಾ ಹಾಕಿದ ವೈರ್ ಜಾಯಿಂಟ್ ಇವತ್ತಿನ ತನಕ ಸುಟ್ಟಿಲ್ಲ."

ಅಂದದ್ದೇನೆಂದು ಅವರಿಗೇ ಹೊಳೆದದ್ದು ಆಮೇಲೆ. ರಾಧಿಕಾ ಫೋಟೋ ಮುಂದೆ ಹಿಡಿದಳು. ಅವರು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು, ಕರಕಾದ ಗಂಟನ್ನು ಬಹಳ ಹೊತ್ತು ನೋಡಿದರು.

"ಗ್ವಾಡಿಗೆ ಒತ್ತಿಟ್ಟಾರ, ಬಿಸಿ ಹೊರಗ ಹೋಗಿಲ್ಲ," ಎಂದರು ಮೆಲ್ಲಗೆ. "ಒತ್ತಿಡಬ್ಯಾಡ್ರಿ ಅಂತ ಹೇಳಬೇಕಾಗಿತ್ತು ನಾ. ಯಾರಿಗೇನಾತು?"

"ಮೇಧಾನ ಬಲಗೈ. ಎರಡು ಬೆರಳು ಉಳಿಯಂಗಿಲ್ಲ ಅಂದಾರ."

ಚನ್ನಬಸಪ್ಪ ಲಾರಿಯಿಂದ ಇಳಿದರು. ಬಂಧಿಸುತ್ತಿರುವುದಾಗಿ ರಾಧಿಕಾ ಹೇಳಿದಳು, ಕಳವು ಮತ್ತು ಗಾಯಕ್ಕೆ ಕಾರಣವಾದ ನಿರ್ಲಕ್ಷ್ಯ ಎಂದು ಆರೋಪಗಳನ್ನೂ ವಕೀಲರ ಹಕ್ಕನ್ನೂ ತಿಳಿಸಿದಳು. ಅವರ ಕಿವಿಗೆ ಅದೊಂದೂ ಬಿದ್ದಂತಿರಲಿಲ್ಲ.

"ಮೊದ್ಲ ಫೋನ್ ಹಚ್ರಿ. ಇಂಥಾ ಫ್ರಿಜ್ ಇರೂ ಮನಿ ಇನ್ನೂ ಅದಾವು. ನನ್ನ ಮಗಳು ಅರುಂಧತಿ, ಆಕಿ ಮನ್ಯಾಗೂ ಒಂದೈತಿ. ಕೂಸಿನ ಖೋಲ್ಯಾಗ."

ಠಾಣೆಗೆ ಹೋಗುವ ದಾರಿಯುದ್ದಕ್ಕೂ ಅವರು ಮನೆಗಳ ಗುರುತು ಹೇಳುತ್ತ ಹೋದರು, ಟ್ರೆವರ್ ವೈರ್‌ಲೆಸ್ಸಿನಲ್ಲಿ ಆಯಾ ಠಾಣೆಗಳಿಗೆ ತಿಳಿಸುತ್ತ ಹೋದ. ಎಲ್ಲ ಮನೆಗಳಲ್ಲೂ ಪ್ಲಗ್ಗು ಕಿತ್ತರು. ಅರುಂಧತಿಯ ಮನೆಯಲ್ಲಿ ಟೇಪು ಮುಟ್ಟಲಾರದಷ್ಟು ಬಿಸಿಯಾಗಿತ್ತಂತೆ.

ಸಂಜೆ ಹೇಳಿಕೆ ಬರೆಯುವಾಗ ರಾಧಿಕಾ ಕೊನೆಯ ಪ್ರಶ್ನೆ ಕೇಳಿದಳು. "ದುಡ್ಡಿಗಲ್ಲ ಅಂದ್ರ ಮತ್ಯಾಕ?"

ಚನ್ನಬಸಪ್ಪ ಗದಗಿನ ಬಸ್‌ಸ್ಟ್ಯಾಂಡ್ ಹಿಂದೆ ಫ್ರಿಜ್ಜು ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಮಗಳು ಕರೆಸಿಕೊಂಡ ಮೇಲೆ ಸಿಕ್ಕಿದ ಕೆಲಸ ಇದೊಂದೇ.

"ಹಳೇದು ಕರೆಂಟ್ ಭಾಳ ತಿಂತೈತಿ, ಒಪ್ಪತೀನ್ರಿ. ಸರ್ಕಾರ ಹೇಳೂದು ತಪ್ಪಲ್ಲ. ಆದ್ರ ಅಲ್ಲಿ ಬರೂವು ಕೆಟ್ಟವಲ್ರೀ, ನಡಿಯೂವು. ಕೈ ಇಟ್ರ ಇನ್ನೂ ತಣ್ಣಗ ಇರ್ತಿದ್ವು. ಮನ್ಯಾಗ ಒಂದು ಫ್ರಿಜ್ ಕೆಟ್ರ ಹೆಣ್ಣುಮಕ್ಕಳು ಅಂಗಡಿಗೆ ಬಂದು ಅಳೂದು ನೋಡೀನಿ ನಾ. ಇಲ್ಲಿ ನಡಿಯೂದನ್ನ ಯಂತ್ರಕ್ಕ ಕೊಡು ಅಂದ್ರು. ದಿನಾ ಕೊಟ್ಟೆ. ಕೆಲವಕ್ಕ ಕೈ ಏಳಲಿಲ್ಲ, ಪುಸ್ತಕದಾಗಷ್ಟ ಪುಡಿ ಮಾಡಿದೆ."

ರಾಧಿಕಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಬರೆದಳು, ಮತ್ತೆ ಕನ್ನಡದಲ್ಲಿ ಓದಿ ಹೇಳಿದಳು. ಹೌದೆಂದು ತಲೆಯಾಡಿಸಿ ಅವರು ಸಹಿ ಹಾಕಿದರು. ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಬಹುದೇ ಎಂದು ಕೇಳಿದರು. ಆಗುವುದಿಲ್ಲ ಎಂದು ಅವಳು ಹೇಳಬೇಕಾಯಿತು.