ಆ ಬೆಳಗಿನ ಉತ್ತರ

"ಈ ವಯಸ್ಸಲ್ಲಿ ಮದುವೆನಾ? ಕನ್ನಡಿ ನೋಡ್ಕೊಂಡಿದೀರಾ?"

ಆ ಬೆಳಗ್ಗೆ ನಾನು ಅವರಿಗೆ ಕೊಟ್ಟ ಉತ್ತರ ಇದು. ಲಾಂಡ್ರಿಯಲ್ಲಿ ನಾನು ಇಸ್ತ್ರಿ ಮಾಡುವವಳು, ಅವರು ಬಟ್ಟೆಯ ಕಲೆ ತೆಗೆಯುವವರು. ಎಲ್ಲರ ಬಾಯಲ್ಲೂ ಕಲೆ ಮೇಷ್ಟ್ರು. ನಾಲ್ಕು ವರ್ಷದಿಂದ ನಮ್ಮದು ಎದುರುಬದುರು ಮೇಜು. ನಾನು ಕಾಲರ್ ಮೇಲೆ ಬಗ್ಗಿದರೆ ಅವರ ಕಣ್ಣು ನನ್ನ ಮೇಲೆ, ತಲೆಯೆತ್ತಿದರೆ ಪಟ್ಟನೆ ಬ್ರಷ್ಷಿನ ಮೇಲೆ. ನನಗದು ಗೊತ್ತಿತ್ತು. ಬೇಕೂ ಇತ್ತು. ಆದರೆ ನಲವತ್ತಾರಕ್ಕೆ ನಾನು ಮದುವೆಯಾದರೆ ಜನ ಏನಂದಾರು ಎಂಬ ಹೆದರಿಕೆ, ಅದರ ಮೇಲೆ ನನ್ನ ಹಾಳು ನಾಲಿಗೆ.

"ನೋಡ್ಕೊಂಡೇ ಬಂದೆ. ಅಷ್ಟೇನೂ ಕೆಟ್ಟದಾಗಿಲ್ಲ ಅನ್ನಿಸ್ತು," ಎಂದು ನಕ್ಕರು. ಕಿವಿ ಮಾತ್ರ ಕೆಂಪಗಾಗಿತ್ತು. ಆ ಕಡೆ ತಿರುಗಿ ಒಂದು ಬಿಳಿ ಶರ್ಟು ಕೈಗೆತ್ತಿಕೊಂಡವರು ಅದರ ಸಮೇತ ಕುಸಿದರು.

ಉಸಿರಿರಲಿಲ್ಲ. ನಾಡಿ ಸಿಗಲಿಲ್ಲ. ಹಿಂದಿನ ವರ್ಷ ಓನರ್ ನಮಗೆಲ್ಲ ತರಬೇತಿ ಕೊಡಿಸಿದ್ದರು, ರಬ್ಬರ್ ಗೊಂಬೆಯ ಎದೆ ಒತ್ತುವುದು. ಹಾಗೇ ಒತ್ತಿದೆ. ಪಕ್ಕೆಲುಬು ಲಟಕ್ಕನೆ ಮುರಿಯಿತು, ಆದರೂ ಒತ್ತಿದೆ.

"ಬಿಡಮ್ಮ, ಹೋಗ್ಬಿಟ್ಟಿದಾರೆ," ಎಂದು ಓನರ್ ನನ್ನ ತೋಳು ಹಿಡಿದರು.

"ನೀವು ಸುಮ್ನಿರಿ!" ಎಂದು ಚೀರಿದೆ. ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು.

ಐಸಿಯುನಲ್ಲಿ ಮೇಷ್ಟ್ರ ಅಕ್ಕನಿಗೆ ಡಾಕ್ಟರಮ್ಮ ನೇರವಾಗಿ ಹೇಳಿದರು. "ಶಾಕ್ ಕೊಟ್ಟು ಹಾರ್ಟ್ ಶುರು ಮಾಡಿದೀವಿ. ಮಿದುಳಿಗೆ ಎಷ್ಟು ಏಟು ಬಿದ್ದಿದೆಯೋ ಗೊತ್ತಿಲ್ಲ. ಇಂಥವ್ರಲ್ಲಿ ನೂರಕ್ಕೆ ಒಬ್ರೋ ಇಬ್ರೋ ಎದ್ದು ಕೂರೋದು. ಆಸೆ ಇಟ್ಕೋಬೇಡಿ."

ಅಕ್ಕ ನನ್ನ ಭುಜಕ್ಕೆ ತಲೆಯಿಟ್ಟು ಅತ್ತರು. "ಇವತ್ತು ನಿನ್ನ ಕೇಳೇ ಕೇಳ್ತೀನಿ ಅಂದಿದ್ದ ಕಣಮ್ಮ. ಕೇಳಿದ್ನಾ?"

ನಾನು ಅವರ ಕಣ್ಣೊರೆಸಿದೆ. ಮೇಷ್ಟ್ರು ಕೊನೆಯದಾಗಿ ಕೇಳಿಸಿಕೊಂಡ ಮಾತು ನನ್ನದು, ಅದೂ ಅಂಥ ಮಾತು.

ಆರು ದಿನ ಗಾಜಿನಾಚೆ ನಿಂತು ನೋಡಿದೆ. ಕೊಳವೆಗಳ ನಡುವೆ ಅವರ ಮುಖ ಗುರುತೇ ಸಿಗುತ್ತಿರಲಿಲ್ಲ. ಏಳನೆಯ ದಿನ ಉಸಿರಾಟದ ಯಂತ್ರ ತೆಗೆಯುವ ಮಾತು ಎದ್ದಿತು. ಅಕ್ಕ ಸೆರಗಲ್ಲಿ ಮುಖ ಮುಚ್ಚಿಕೊಂಡು ಒಪ್ಪಿ ತಲೆಯಾಡಿಸಿದರು. ಅಷ್ಟರಲ್ಲಿ ನರ್ಸ್ ಓಡಿ ಬಂದಳು.

"ಕೈ ಹಿಡೀರಿ ಅಂದ್ರೆ ಹಿಡೀತಿದಾರೆ!"

ಡಾಕ್ಟರಮ್ಮ ನಂಬದೆ ಎರಡು ಸಲ ಪರೀಕ್ಷಿಸಿದರು.

ಮಾತು ಬರಲು ಇನ್ನೂ ಹತ್ತು ದಿನ ಬೇಕಾಯಿತು. ಹೃದಯ ಅರ್ಧ ಮಾತ್ರ ಕೆಲಸ ಮಾಡುತ್ತಿದೆ, ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರಮ್ಮ. ಬಿದ್ದ ದಿನದ ನೆನಪಂತೂ ಮರಳುವುದಿಲ್ಲವಂತೆ.

ನನ್ನನ್ನು ನೋಡಿದವರೇ ಮೇಷ್ಟ್ರು ಕಣ್ಣು ತಪ್ಪಿಸಿದರು. "ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ. ಇನ್ನು ಬಿಡಿ. ಇವತ್ತೋ ನಾಳೆಯೋ ಅನ್ನೋನಿಗೆ ಯಾಕೆ ಆ ಆಸೆ?"

"ಕೇಳಿದ್ರಲ್ಲ," ಎಂದೆ.

"ಯಾವಾಗ?"

"ಅವತ್ತು ಬೆಳಗ್ಗೆ. ಬೀಳೋಕೆ ಮುಂಚೆ."

ಈಗ ನನ್ನತ್ತ ತಿರುಗಿದರು. "ನೀವೇನಂದ್ರಿ?"

ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಜೀವಮಾನದಲ್ಲೇ ಅಷ್ಟು ಸಲೀಸಾಗಿ ನಾನು ಸುಳ್ಳು ಹೇಳಿರಲಿಲ್ಲ.

"ಹೂಂ ಅಂದೆ."

"ಆಮೇಲೆ ನಾನೇನ್ಮಾಡ್ದೆ?"

"ಬಿದ್ಬಿಟ್ರಿ."

ಅವರು ನಕ್ಕರು. ನೋವಿಗೆ ಮುಖ ಕಿವುಚಿ, ಮತ್ತೂ ನಕ್ಕರು. ನಾನು ಅಳುತ್ತಿದ್ದೆ.

"ಇನ್ನೊಂದ್ಸಲ ಹೇಳಿ. ಅವತ್ತಿಂದು ನಂಗೆ ನೆನಪಿಲ್ವಲ್ಲ."

"ಹೂಂ," ಎಂದೆ. ಈ ಸಲ ಅದು ಸುಳ್ಳಾಗಿರಲಿಲ್ಲ.